ಗೋಲುಕಂಬಗಳ ನಡುವೆ ನಿಂತವರು

ಮಕ್ಕಳ ಕಾಲ್ಚೆಂಡಾಟದಲ್ಲಿ ಬರೆಯದ ನಿಯಮವೊಂದಿದೆ. ಕೊಯ್ಲು ಮುಗಿದ ಗದ್ದೆಯಲ್ಲಾಗಲಿ, ಶಾಲೆಯ ಅಂಗಳದಲ್ಲಾಗಲಿ, ಓಟದಲ್ಲಿ ಹಿಂದೆ ಬಿದ್ದವನನ್ನೋ ತಂಡಕ್ಕೆ ಹೊಸದಾಗಿ ಸೇರಿದವನನ್ನೋ ಗೋಲಿಗೆ ನಿಲ್ಲಿಸುತ್ತಾರೆ. ಗೆದ್ದರೆ ಹೆಸರು ಗೋಲು ಹೊಡೆದವನಿಗೆ. ಸೋತರೆ ದೂರು ಗೋಲು ಬಿಟ್ಟವನಿಗೆ. ವಿಶ್ವಕಪ್ ಬಂತೆಂದರೆ ಅರ್ಜೆಂಟೀನ, ಬ್ರೆಜಿಲ್‌ಗಳ ಬಾವುಟ ಹಾರಾಡುವ ಕಾಸರಗೋಡಿನಲ್ಲೂ ಮುಂಚೂಣಿಯ ಆಟಗಾರರದೇ ಚಿತ್ರ, ಅವರದೇ ಮಾತು. ಹಾಗಾಗಿ ಇಬ್ಬರು ಗೋಲ್‌ಕೀಪರುಗಳ ಬದುಕನ್ನು ಇಲ್ಲಿನ ಮಕ್ಕಳು ಅರಿಯುವುದು ಒಳಿತು.

ಮೊದಲನೆಯವರು ಬೆಂಗಳೂರಿನ ಕೆ. ವಿ. ವರದರಾಜ್. 1948ರ ಲಂಡನ್ ಒಲಿಂಪಿಕ್ಸ್‌ಗೆ ತೆರಳಿದ ಸ್ವತಂತ್ರ ಭಾರತದ ತಂಡದಲ್ಲಿ ಬೆಂಗಳೂರಿನ ಹಲವರಿದ್ದರು. ಅವರಲ್ಲಿ ಗೋಲು ಕಾಯುವ ಹೊಣೆ ವರದರಾಜರದು. ಜುಲೈ 31ರಂದು ಫ್ರಾನ್ಸ್ ವಿರುದ್ಧ ನಡೆದ ಪಂದ್ಯದಲ್ಲಿ ಭಾರತೀಯರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮಬಲ ತಂದರೂ, ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಮತ್ತೊಂದು ಗೋಲು ಗಳಿಸಿ 2-1ರಿಂದ ಗೆದ್ದಿತು. ಮೂರು ವರ್ಷಗಳ ಬಳಿಕ, 1951ರಲ್ಲಿ, ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ವರದರಾಜ್ ಇದ್ದರು. ಆ ಕೂಟದ ಮೂರು ಪಂದ್ಯಗಳಲ್ಲಿ ಭಾರತ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ.

ಎರಡನೆಯವರು ಮೆಕ್ಸಿಕೋದ ಅಂತೋನಿಯೋ ಕಾರ್ಬಹಾಲ್. ಅದೇ ಲಂಡನ್ ಒಲಿಂಪಿಕ್ಸ್‌ಗೆ ಬಂದಿದ್ದ ಮೆಕ್ಸಿಕೋ ತಂಡದಲ್ಲಿ ಆಗ ಹತ್ತೊಂಬತ್ತರ ಹರೆಯದ ಕಾರ್ಬಹಾಲ್ ಇದ್ದರು. 1950ರ ವಿಶ್ವಕಪ್‌ಗೆ ಭಾರತಕ್ಕೂ ಅವಕಾಶ ದೊರೆತಿತ್ತು. ಆದರೆ ತಂಡ ಹೋಗಲಿಲ್ಲ. ಮೆಕ್ಸಿಕೋ ಹೋಯಿತು. ಮೊದಲ ಪಂದ್ಯದಲ್ಲೇ ಬ್ರೆಜಿಲ್ ಕಾರ್ಬಹಾಲರನ್ನು ನಾಲ್ಕು ಬಾರಿ ವಂಚಿಸಿ ಗೋಲು ಹೊಡೆಯಿತು. ಆದರೂ ದೇಶ ಅವರನ್ನು ಕೈಬಿಡಲಿಲ್ಲ. 1954, 1958, 1962, 1966 — ಹೀಗೆ ಒಟ್ಟು ಐದು ವಿಶ್ವಕಪ್‌ಗಳಲ್ಲಿ ಆಡಿದ ಮೊದಲ ಆಟಗಾರ ಅವರೇ. ವಿಶ್ವಕಪ್‌ನಲ್ಲಿ ಮೆಕ್ಸಿಕೋದ ಮೊದಲ ಜಯಕ್ಕೆ 1962ರ ಜೂನ್ 7ರ ತನಕ ಕಾಯಬೇಕಾಯಿತು. ಅಂದು ಕಾರ್ಬಹಾಲರ ಮೂವತ್ತಮೂರನೆಯ ಹುಟ್ಟುಹಬ್ಬ.

ವಿಶ್ವಕಪ್‌ನಲ್ಲಿ ಅವರು ಆಡಿದ್ದು 11 ಪಂದ್ಯ, ಬಿಟ್ಟದ್ದು 25 ಗೋಲು. ಅಷ್ಟೂ ಗೋಲುಗಳು ಬಂದದ್ದು ಮೊದಲ ಹತ್ತು ಪಂದ್ಯಗಳಲ್ಲಿ. 1966ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಉರುಗ್ವೆ ವಿರುದ್ಧದ ಕೊನೆಯ ಪಂದ್ಯದಲ್ಲಿ ಚೆಂಡು ಒಮ್ಮೆಯೂ ಅವರನ್ನು ದಾಟಿ ಬಲೆ ಸೇರಲಿಲ್ಲ. ಹದಿನಾರು ವರ್ಷಗಳ ಕಾಯುವಿಕೆಯ ಫಲವದು. 2023ರಲ್ಲಿ ಅವರು ತೀರಿಕೊಂಡಾಗ ಜಗತ್ತು ನೆನೆಯಿತು.

ಕಾರ್ಬಹಾಲರ ಹೆಸರು ವಿಶ್ವಕಪ್ ಬಂದಾಗಲೆಲ್ಲ ಕೇಳಿಬರುತ್ತದೆ. ನಮ್ಮದೇ ನುಡಿಯ ನಾಡಿನಿಂದ ಹೋಗಿ ಅದೇ ಒಲಿಂಪಿಕ್ಸ್‌ನಲ್ಲಿ ಗೋಲು ಕಾಯ್ದ ವರದರಾಜರ ಹೆಸರು ಎಷ್ಟು ಮನೆಗಳಿಗೆ ತಿಳಿದಿದೆ? ದಾಖಲೆಗಳು ಬಿಟ್ಟ ಗೋಲನ್ನು ಎಣಿಸುತ್ತವೆ, ತಡೆದುದನ್ನು ಮರೆಯುತ್ತವೆ. ಆ ಕೊರತೆಯನ್ನು ತುಂಬಲು ಕನ್ನಡ ಶಾಲೆಯ ಗೋಡೆಪತ್ರಿಕೆಯ ಒಂದು ಮೂಲೆ ಸಾಕು. ಅಂಗಿಯೆಲ್ಲ ಕೆಸರು ಮಾಡಿಕೊಂಡು ಸಂಜೆ ಮನೆಗೆ ಬಂದ ಮಗುವಿನೊಡನೆ ಹೆತ್ತವರು ಕೇಳಬೇಕಾದ ಪ್ರಶ್ನೆಯೂ ಒಂದೇ: ಇಂದು ಎಷ್ಟು ತಡೆದೆ?