ಒಂದೇ ಸೀರೆಗೆ ಎರಡು ಬಣ್ಣ ಯಾಕೆ?

"ಫೋಟೋ ಹೇಗಾದ್ರೂ ಬರಲಿ, ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡ್ಕೊಂಡ್ರಾಯ್ತು." ಮನೇಲಿ ಫ್ಲ್ಯಾಶ್ ಇಟ್ಟುಕೊಂಡು ಫೋಟೋ ತೆಗೆಯೋ ಗೆಳೆಯರಿಂದ ಈ ಮಾತು ಪದೇ ಪದೇ ಕೇಳ್ತೀನಿ. ನನಗಂತೂ ಇದು ಒಪ್ಪಿಗೆಯಿಲ್ಲ.

ನಮ್ಮ ಅತ್ತಿಗೆ ಮನೆಯಿಂದಲೇ ಇಳಕಲ್ ಸೀರೆ ಮಾರ್ತಾರೆ. ಫೋಟೋ ತೆಗೆಯೋ ಕೆಲಸ ನನ್ನದು. ಫೋಟೋದಲ್ಲಿ ದಾಳಿಂಬೆ ಕೆಂಪಾಗಿದ್ದ ಸೆರಗು ಕೈಗೆ ಬಂದಾಗ ಇಟ್ಟಿಗೆ ಕೆಂಪಾಗಿದ್ರೆ ಸೀರೆ ವಾಪಸ್. ಕೊರಿಯರ್ ಖರ್ಚು ಅತ್ತಿಗೆ ತಲೆ ಮೇಲೆ. ಅದಕ್ಕಿಂತ ಹೆಚ್ಚಾಗಿ, ಆ ಗಿರಾಕಿ ಮತ್ತೆ ಬರಲ್ಲ.

ತೊಂದರೆ ಇರೋದು 'ಆಟೋ' ಅನ್ನೋದರಲ್ಲಿ. ಕ್ಯಾಮೆರಾ ತನ್ನೆದುರು ಇರೋದೆಲ್ಲ ಸರಾಸರಿ ಬೂದು ಅಂತ ಅಂದುಕೊಳ್ಳುತ್ತೆ. ಹಾಗಾಗಿ ಕಪ್ಪು ಸೀರೆಯನ್ನ ಬೆಳಗಿಸುತ್ತೆ, ಬಿಳಿ ಸೀರೆಯನ್ನ ಮಂಕು ಮಾಡುತ್ತೆ. ಫ್ರೇಮ್ ತುಂಬ ಕೆಂಪಿದ್ರೆ ಆಟೋ ವೈಟ್ ಬ್ಯಾಲೆನ್ಸ್ ಆ ಕೆಂಪನ್ನೇ ಕಡಿಮೆ ಮಾಡಲು ಹೊರಡುತ್ತೆ. ಇಪ್ಪತ್ತು ಸೀರೆಗೆ ಇಪ್ಪತ್ತು ಲೆಕ್ಕ! ಆಮೇಲೆ ಯಾವುದನ್ನ ಯಾವುದಕ್ಕೆ ಹೋಲಿಸಿ ಸರಿ ಮಾಡ್ತೀರಿ?

ಅದಕ್ಕೇ ನನ್ನ ಪಟ್ಟು ಒಂದೇ: ಕ್ಯಾಮೆರಾ, ಫ್ಲ್ಯಾಶ್ ಎರಡೂ ಮ್ಯಾನುಯಲ್. ಐಎಸ್ಒ 100, ಎಫ್/8, ಶಟರ್ 1/125. ಮೊದಲು ಫ್ಲ್ಯಾಶ್ ಆರಿಸಿ ಒಂದು ಫೋಟೋ ತೆಗೀರಿ. ಅದು ಪೂರ್ತಿ ಕಪ್ಪಾಗಿ ಬರಬೇಕು. ಬರದಿದ್ರೆ ಕಿಟಕಿ ಬೆಳಕೋ, ಹಳದಿ ಬಲ್ಬೋ ಒಳಗೆ ನುಸುಳ್ತಿದೆ ಅಂತ ಅರ್ಥ. ಫ್ಲ್ಯಾಶ್ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬ್ 3000ದ ಆಸುಪಾಸು. ಎರಡೂ ಬೆರೆತರೆ ಯಾವ ಸಾಫ್ಟ್‌ವೇರೂ ಸುಲಭವಾಗಿ ಬೇರೆ ಮಾಡಲ್ಲ.

ಇನ್ನು ದೂರ. ಮೂರು ಅಡಿಯಲ್ಲಿದ್ದ ಫ್ಲ್ಯಾಶ್ ನಾಲ್ಕೂಕಾಲು ಅಡಿಗೆ ಹೋದರೆ ಬೆಳಕು ಅರ್ಧಕ್ಕೆ ಇಳಿಯುತ್ತೆ. ನಾನು ಸ್ಟ್ಯಾಂಡಿಗೆ ಒಂದು ದಾರ ಕಟ್ಟಿದೀನಿ, ಪ್ರತಿ ಸಲ ಅದರಲ್ಲೇ ಅಳೆಯೋದು. ಖರ್ಚು ಸೊನ್ನೆ! ಪವರ್ ಕೂಡ ಮಧ್ಯೆ ಬದಲಿಸಬೇಡಿ, ಎಷ್ಟೋ ಫ್ಲ್ಯಾಶ್‌ಗಳಲ್ಲಿ ಪವರ್ ಬದಲಾದರೆ ಬಣ್ಣವೂ ಸ್ವಲ್ಪ ಬದಲಾಗುತ್ತೆ. ಒಂದಾದ ಮೇಲೊಂದು ಅವಸರದಲ್ಲಿ ಹೊಡೆಯದೆ, ಪೂರ್ತಿ ಚಾರ್ಜ್ ಆಗೋಕೆ ಬಿಡಿ.

ವೈಟ್ ಬ್ಯಾಲೆನ್ಸಿಗೆ ಬಿಳಿ ಪಂಚೆ ಹಿಡಿಯೋರನ್ನ ನೋಡಿದೀನಿ. ಪಂಚೆಗೆ ನಾವು ನೀಲಿ ಹಾಕ್ತೀವಲ್ಲ ಸ್ವಾಮಿ! ಸೋಪಿನ ಪುಡಿಯಲ್ಲೂ ಬಿಳುಪು ಹೆಚ್ಚಿಸೋ ರಾಸಾಯನಿಕ ಇರುತ್ತೆ. ಬೂದು ಕಾರ್ಡನ್ನೇ ಬಳಸಿ. ಮೊದಲ ಫೋಟೋ ಅದರದ್ದು. ಗೋಡೆಗೆ ಹಸಿರು ಬಣ್ಣ ಇದ್ರೆ ಬಿಳಿ ಥರ್ಮೋಕೋಲ್ ಅಡ್ಡ ಇಡಿ, ಇಲ್ಲಾಂದ್ರೆ ಗೋಡೆ ಬಣ್ಣ ಸೀರೆ ಮೇಲೆ ಬೀಳುತ್ತೆ.

"ಒಬ್ಬೊಬ್ಬರ ಮೊಬೈಲಲ್ಲಿ ಒಂದೊಂದು ಥರ ಕಾಣುತ್ತೆ, ಇಷ್ಟೆಲ್ಲ ಯಾಕೆ?" ಅಂತ ಕೇಳಬಹುದು. ನಿಜ. ಆದ್ರೆ ಒಂದೇ ಮೊಬೈಲಲ್ಲಿ ನಮ್ಮ ಇಪ್ಪತ್ತು ಸೀರೆನೂ ಒಂದೇ ಲೆಕ್ಕದಲ್ಲಿ ಕಾಣ್ತವೆ. ಯಾವುದು ಗಾಢ, ಯಾವುದು ತಿಳಿ ಅನ್ನೋ ವ್ಯತ್ಯಾಸ ಉಳಿಯುತ್ತೆ. ಕೊಳ್ಳೋರಿಗೆ ಬೇಕಾಗಿರೋದು ಅದೇ.

ಕೆಲವು ನೇರಳೆ ಬಣ್ಣಗಳು ಮಾತ್ರ ಇಷ್ಟು ಮಾಡಿದ್ರೂ ಕ್ಯಾಮೆರಾಗೆ ಸರಿಯಾಗಿ ಸಿಗಲ್ಲ. ಅಂಥದ್ದಕ್ಕೆ ಫೋಟೋ ಕೆಳಗೆ "ನಿಜವಾದ ಬಣ್ಣ ಇನ್ನೂ ನೀಲಿ ಕಡೆಗಿದೆ" ಅಂತ ಅತ್ತಿಗೆ ಬರೀತಾರೆ. ಅದೂ ಫೋಟೋಗ್ರಫಿಯ ಭಾಗವೇ ಅಂತ ನನ್ನ ಅನಿಸಿಕೆ.

ನೀವೇನಂತೀರಿ?