ಹೆತ್ತವಳ ಮೇಲೆ ಹೊರಿಸುವ ಅಪವಾದ

ಬೆರಳು ಕೂಡಿಕೊಂಡ, ಇಲ್ಲವೆ ಮೊಣಕೈಯಿಂದ ಕೆಳಗೆ ಕೈಯೇ ಬೆಳೆಯದ ಮಗು ಹುಟ್ಟಿತೆಂದರೆ ನಮ್ಮ ಊರುಗಳಲ್ಲಿ ಮೊದಲು ನಡೆಯುವುದು ಮಗುವಿನ ಆರೈಕೆಯಲ್ಲ, ತಾಯಿಯ ವಿಚಾರಣೆ. ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ದಳೇ? ಹೊಸಿಲು ದಾಟಿದ್ದಳೇ? ಬಾಣಂತಿ ಎದ್ದು ಕೂರುವ ಮುನ್ನವೇ ತೀರ್ಪು ಹೊರಬಿದ್ದಿರುತ್ತದೆ.

ಶರೀರಶಾಸ್ತ್ರ ಹೇಳುವುದೇ ಬೇರೆ. ಗರ್ಭ ಕಟ್ಟಿದ ನಾಲ್ಕನೆಯ ವಾರದಲ್ಲಿ ಕೈಗಳು ಮೊಗ್ಗಿನಂತೆ ಮೂಡುತ್ತವೆ. ಅಂಗೈ ಮೊದಲು ದೋಣಿಯ ಹುಟ್ಟಿನಂತೆ ಚಪ್ಪಟೆ. ಬೆರಳುಗಳ ನಡುವಿನ ಪೊರೆ ಕರಗಿ, ಎಂಟನೆಯ ವಾರ ಕಳೆಯುವಷ್ಟರಲ್ಲಿ ಐದೂ ಬಿಡಿಯಾಗುತ್ತವೆ. ಪೊರೆ ಉಳಿದರೆ ಕೂಡುಬೆರಳು. ಮೊಗ್ಗಿನ ಬೆಳವಣಿಗೆ ನಡುವೆ ನಿಂತರೆ ಮೋಟುಗೈ. ಕೆಲವು ವಂಶದಲ್ಲಿ ಬರುತ್ತವೆ. ಎಷ್ಟೋ ಸಲ ಕಾರಣ ವೈದ್ಯರಿಗೂ ಸಿಗುವುದಿಲ್ಲ. ಐದು ತಿಂಗಳ ಬಸುರಿಯನ್ನು ಗ್ರಹಣದಿಂದ ಕಾಯಲು ಹೊರಡುವ ಹಿರಿಯರು ತಿಳಿಯಬೇಕು: ಆ ಹೊತ್ತಿಗೆ ಕೂಸಿನ ಕೈ ರೂಪುಗೊಂಡು ಎರಡು ತಿಂಗಳ ಮೇಲಾಗಿರುತ್ತದೆ!

ತಪ್ಪಿತಸ್ಥರು ಸ್ಪಷ್ಟವಾಗಿ ಸಿಕ್ಕಿದ ಪ್ರಕರಣವೂ ಒಂದುಂಟು. ಅಲ್ಲಿ ಸಿಕ್ಕಿದ್ದು ತಾಯಿಯಲ್ಲ, ಔಷಧದ ಕಂಪನಿ. 1957ರಲ್ಲಿ ಪಶ್ಚಿಮ ಜರ್ಮನಿಯ ಗ್ರೂನೆಂಥಾಲ್ ಕಂಪನಿಯು ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ನಿರಪಾಯವೆಂದು ಸಾರಿ, ವೈದ್ಯರ ಚೀಟಿಯೂ ಬೇಡವೆಂದು ಮಾರಿತು. ಬಸುರಿಯರ ವಾಂತಿಗೂ ಅದನ್ನೇ ಕೊಟ್ಟರು. 1961ರ ನವೆಂಬರಿನಲ್ಲಿ ಅದನ್ನು ಅಲ್ಲಿ ಹಿಂತೆಗೆದರು. ಲೋಕದಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಕುಗ್ಗಿ ಮತ್ತಿತರ ಊನಗಳೊಡನೆ ಹುಟ್ಟಿದರೆಂದು ಅಂದಾಜು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯಾಧಿಕಾರಿಣಿ ಪುರಾವೆ ಸಾಲದೆಂದು ಒಪ್ಪಿಗೆ ಕೊಡದೆ ಹಟ ಹಿಡಿದರು. ಅಲ್ಲಿ ಅದು ಅಂಗಡಿಗೆ ಬರಲಿಲ್ಲ. ಕಂಪನಿ ಕ್ಷಮೆ ಕೇಳಿದ್ದು 2012ರಲ್ಲಿ. ಅಷ್ಟರಲ್ಲಿ ಆ ಮಕ್ಕಳಿಗೇ ಐವತ್ತು ವರ್ಷ.

ಇನ್ನು ಶಾಲೆಯ ಮಾತು. ಹುಟ್ಟಿನಿಂದ ಒಂದೇ ಕೈಯಿರುವ ಮಗುವಿಗೆ ಏನನ್ನೋ ಕಳೆದುಕೊಂಡೆನೆಂಬ ನೆನಪಿಲ್ಲ. ಪುಸ್ತಕವನ್ನು ಮೋಟುಗೈಯಲ್ಲಿ ಅದುಮಿ ಬರೆಯುತ್ತದೆ. ಅಂಗಿಯ ಗುಂಡಿಗೆ ಹಲ್ಲಿನ ನೆರವು ಪಡೆಯುತ್ತದೆ. ಎಡಗೈಯಲ್ಲಿ ಬರೆದರೆ ಗದರುವ ಮೇಷ್ಟರು ಬಲಗೈಯೇ ಇಲ್ಲದವನಿಗೆ ಯಾವ ಕೈ ತಂದುಕೊಡುತ್ತಾರೋ!

ಕೂಡುಬೆರಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಬಹುದು. ಹೆಬ್ಬೆರಳ ಕಡೆಯ ಮೂಳೆ ಬೆಳೆಯದಿದ್ದರೆ ಹೃದಯವನ್ನೂ ರಕ್ತವನ್ನೂ ಪರೀಕ್ಷಿಸಬೇಕು. ಆದ್ದರಿಂದ ಕೂಸನ್ನು ಸೆರಗಿನಲ್ಲಿ ಮುಚ್ಚಿಡದೆ ಬೇಗ ಆಸ್ಪತ್ರೆಗೆ ಒಯ್ಯಿರಿ. ನೂರಕ್ಕೆ 40 ಅಥವಾ ಅದಕ್ಕೂ ಹೆಚ್ಚು ಊನವೆಂದು ಪ್ರಮಾಣಪತ್ರ ದೊರೆತ ಮಗುವಿಗೆ 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣ 2016ರ ಕಾಯಿದೆಯಂತೆ ಹಕ್ಕು, ಭಿಕ್ಷೆಯಲ್ಲ. ಸೇರಿಸಿಕೊಳ್ಳುವುದಿಲ್ಲವೆಂದ ಶಾಲೆಯಿಂದ ಆ ಮಾತನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.