ಅಂಕ ಕುಸಿದಾಗ ಯಾವ ಕರ್ಮವನ್ನು ದೂರಬೇಕು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟಕ್ಕೇರಿದ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಅಷ್ಟು ಕಾಲ ತಾಳ್ಮೆಯಿಂದ ಕಾಯುವ ಮನೆಗಳೇ ಮಕ್ಕಳ ಅಂಕಪಟ್ಟಿಯ ವಿಷಯದಲ್ಲಿ ಒಂದು ದಿನವೂ ತಾಳಲಾರವು.

ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾಗಿದ್ದ ಮಗಳು ದ್ವಿತೀಯ ಪಿಯುಸಿಯ ಗಣಿತ, ಭೌತವಿಜ್ಞಾನಗಳಲ್ಲಿ ಹಿಂದೆ ಬಿದ್ದಳೆಂದರೆ ಮನೆಯೇ ಮೌನವಾಗುತ್ತದೆ. ಆ ಭಯ ನಿರಾಧಾರವೇನಲ್ಲ. ರಾಜ್ಯದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕಗಳದು ಅರ್ಧ ಪಾಲು, ಪ್ರವೇಶ ಪರೀಕ್ಷೆಯದು ಇನ್ನರ್ಧ. ಐಐಟಿ ಸೇರಲು ಜೆಇಇ ಅಡ್ವಾನ್ಸ್ಡ್ ರ್‍ಯಾಂಕ್ ಒಂದೇ ಸಾಲದು. ಸಾಮಾನ್ಯ ವರ್ಗದವರಿಗೆ ಹನ್ನೆರಡನೆಯ ತರಗತಿಯಲ್ಲಿ ಶೇ 75 ಅಂಕ ಬೇಕು, ಇಲ್ಲವೇ ತಮ್ಮ ಮಂಡಳಿಯ ಮೇಲಿನ 20 ಪರ್ಸೆಂಟೈಲ್‌ನಲ್ಲಿರಬೇಕು.

ಇಂಥ ಹೊತ್ತಿನಲ್ಲಿ ಶ್ರಾವಕರ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: ‘ಜ್ಞಾನಾವರಣೀಯದ ಉದಯ, ಏನು ಮಾಡಲಾದೀತು?’ ಇದು ಶಾಸ್ತ್ರದಂತೆ ಕೇಳಿಸುತ್ತದೆ, ಶಾಸ್ತ್ರವಲ್ಲ. ಜೀವದ ಲಕ್ಷಣವೇ ಜ್ಞಾನ. ಮೋಡ ಎಷ್ಟೇ ಕವಿದರೂ ಹಗಲು ಇರುಳಾಗದು. ಅಲ್ಲದೆ, ಎರಡು ವರ್ಷಗಳ ಹಿಂದೆ ಲೆಕ್ಕಗಳನ್ನು ಲೀಲಾಜಾಲವಾಗಿ ಬಿಡಿಸುತ್ತಿದ್ದವಳ ಕ್ಷಯೋಪಶಮ ಹಠಾತ್ತನೆ ಎಲ್ಲಿಗೆ ಹೋಯಿತು? ಇಂಥ ಬಹುಪಾಲು ಪ್ರಸಂಗಗಳಲ್ಲಿ ಕೆಲಸ ಮಾಡಿರುವುದು ಜ್ಞಾನಾವರಣೀಯವಲ್ಲ, ಮೋಹನೀಯ. ತಾನೇ ಮೊದಲಿಗಳೆಂಬ ಮಾನಕಷಾಯ. ತಿಳಿಯದ್ದನ್ನು ಕೇಳಿದರೆ ನಕ್ಕಾರೆಂಬ ಭಯ. ಮೊಬೈಲಿನ ಮೇಲಣ ರತಿ. ಭಯ, ರತಿಗಳೆರಡನ್ನೂ ಆಚಾರ್ಯರು ನೋಕಷಾಯಗಳಲ್ಲೇ ಎಣಿಸಿದ್ದಾರೆ.

ಗುಣಸ್ಥಾನಗಳ ವಿವರಣೆಯಲ್ಲಿ ಇದಕ್ಕೆ ಹತ್ತಿರದ ನಿದರ್ಶನವಿದೆ. ಹದಿನಾಲ್ಕು ಮೆಟ್ಟಿಲುಗಳಲ್ಲಿ ಹನ್ನೊಂದನೆಯದು ಉಪಶಾಂತಮೋಹ. ಅಷ್ಟೆತ್ತರಕ್ಕೇರಿದ ಮುನಿಯೂ ಅಂತರ್ಮುಹೂರ್ತದೊಳಗೆ ಅಲ್ಲಿಂದ ಇಳಿಯಲೇಬೇಕು. ಏಕೆಂದರೆ ಅವನು ಮೋಹವನ್ನು ಅಡಗಿಸಿದ್ದಾನೆ, ಕ್ಷಯಿಸಿಲ್ಲ. ಕತಕ ಬೀಜ ಹಾಕಿದ ನೀರು ತಿಳಿಯಾಗಿ ಕಂಡರೂ ಕೆಸರು ತಳದಲ್ಲೇ ಇರುತ್ತದೆ, ಕಲಕಿದರೆ ಮೇಲೇಳುತ್ತದೆ. ಕ್ಷಪಕಶ್ರೇಣಿಯಲ್ಲಿ ಏರುವವನಾದರೋ ಹನ್ನೊಂದನ್ನು ಮುಟ್ಟದೆ ಹತ್ತರಿಂದ ಹನ್ನೆರಡಕ್ಕೇ ಸಾಗುತ್ತಾನೆ. ಮುನಿಗಳ ಶ್ರೇಣಿಗೂ ಪಿಯುಸಿ ಪರೀಕ್ಷೆಗೂ ಎತ್ತಣ ಸಂಬಂಧ ಎನ್ನುವವರು ಎನ್ನಲಿ. ಕಂಠಪಾಠದಿಂದ ತಿಳಿಯಾದ ಬುದ್ಧಿ ಹೊಸ ಊರು, ಹೊಸ ಹಾಸ್ಟೆಲಿನಲ್ಲಿ ಕಲಕಿಹೋಗುವುದನ್ನು ಕಾಣದ ಮನೆ ಎಷ್ಟಿದೆ? ಇಳಿದ ಮುನಿಯನ್ನು ಆಗಮವು ಅನರ್ಹನೆಂದು ಹೊರಗಿಟ್ಟಿಲ್ಲ. ಅವನಿಗೆ ಮತ್ತೆ ಏರಲು ಅವಕಾಶವಿದೆ. ನಮ್ಮ ಸರ್ಕಾರವೂ 2024ರಿಂದ ಅದೇ ವರ್ಷ ಮತ್ತೆ ಪರೀಕ್ಷೆ ಬರೆದು ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳಲು ಅವಕಾಶ ಕೊಟ್ಟಿದೆ.

ಹೆತ್ತವರ ಮೋಹ ಇನ್ನೂ ಸೂಕ್ಷ್ಮವಾದುದು. ಅದು ಕಾಲೇಜಿನ ಹೆಸರಿಗೆ ಅಂಟಿಕೊಂಡಿರುತ್ತದೆ. ಮಗಳಿಗೆ ಸಿವಿಲ್ ಎಂಜಿನಿಯರಿಂಗ್ ಇಷ್ಟವೋ ಕಂಪ್ಯೂಟರ್ ವಿಜ್ಞಾನವೋ ಎಂದು ಕೇಳದೆ, ಮ್ಯಾನೇಜ್‌ಮೆಂಟ್ ಸೀಟಿಗಾಗಿ ಫಲ ಕೊಡುವ ತೋಟವನ್ನು ಅಡವಿಡಲು ಹೊರಡುವುದು ಪರಿಗ್ರಹವೇ. ತ್ಯಾಗದ ವೇಷ ತೊಟ್ಟಿದೆ, ಅಷ್ಟೆ. ಪಕ್ಕದ ಮನೆಯ ಹುಡುಗನ ರ್‍ಯಾಂಕನ್ನು ಊಟದ ಹೊತ್ತಿನಲ್ಲಿ ಎತ್ತಿ ಆಡುವವರು, ಪೈಪೋಟಿಯ ನೆಪದಲ್ಲಿ ಗೆಳತಿಗೆ ಟಿಪ್ಪಣಿ ಕೊಡಬೇಡವೆನ್ನುವವರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನೊಮ್ಮೆ ತೆರೆಯಲಿ. ಜ್ಞಾನಾವರಣದ ಆಸ್ರವಕ್ಕೆ ಕಾರಣಗಳಲ್ಲಿ ಉಮಾಸ್ವಾಮಿಗಳು ನಿಹ್ನವವನ್ನೂ ಮಾತ್ಸರ್ಯವನ್ನೂ ಹೆಸರಿಸಿದ್ದಾರೆ. ಯಾವ ಕರ್ಮವನ್ನು ದೂರುತ್ತೇವೆಯೋ ಅದನ್ನೇ ಮನೆಯೊಳಕ್ಕೆ ಕರೆದಂತಾಯಿತು.

ಅರ್ಜಿ ತುಂಬುವ ಮೊದಲು ಆಗಬೇಕಾದುದು ಆಲೋಚನೆ. ಗುರುವಿನ ಮುಂದೆ ದೋಷವನ್ನು ಹೆಚ್ಚಿಸದೆ, ತಗ್ಗಿಸದೆ ನಿವೇದಿಸುವುದೆಂಬ ಶಾಸ್ತ್ರಾರ್ಥದಲ್ಲಿ. ಯಾವ ಪಾಠದಲ್ಲಿ, ಯಾವ ತಿಂಗಳಿನಿಂದ, ಏಕೆ ಹಿಂದುಳಿದೆನೆಂದು ಮಗಳು ಹೆದರದೆ ಹೇಳಬೇಕು. ತಂದೆತಾಯಿ ನಡುವೆ ಬಾಯಿಹಾಕದೆ ಕೇಳಬೇಕು. ಆಮೇಲೆ ಸಿಇಟಿಯ ಆಯ್ಕೆಪಟ್ಟಿ. ಮೇಲೆ ಅವಳು ಬಯಸಿದ ಕಾಲೇಜುಗಳಿರಲಿ, ಕೆಳಗೆ ಈಗಿನ ರ್‍ಯಾಂಕಿಗೆ ಎಟಕುವಂಥವು. ಪಟ್ಟಿಯ ಕ್ರಮವನ್ನು ಅವಳೇ ಬರೆಯಲಿ.